ಹಡಗೂ ಕಾಯದು, ಕಡಲೂ ಕಾಯದು

ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಉತ್ತರ ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ವಿಹಾರ ನೌಕೆಗಳ ಭರಾಟೆ ಜೋರು. ನ್ಯೂಯಾರ್ಕ್ ಅಥವಾ ಬಾಸ್ಟನ್ ಬಂದರಿನಿಂದ ಹೊರಡುವ ಈ ಹಡಗುಗಳು ದಡದ ಗುಂಟ ಉತ್ತರಕ್ಕೆ ಸಾಗುತ್ತವೆ. ಅಮೆರಿಕದ ಬಾರ್ ಹಾರ್ಬರ್, ಕೆನಡಾದ ಸೇಂಟ್ ಜಾನ್, ಹ್ಯಾಲಿಫ್ಯಾಕ್ಸ್, ಸಿಡ್ನಿ, ಷಾರ್ಲಟ್‌ಟೌನ್ ಮೊದಲಾದ ಊರುಗಳಲ್ಲಿ ಒಂದೊಂದು ದಿನ ನಿಲ್ಲುತ್ತವೆ. ಕೆಲವು ಅಲ್ಲಿಂದಲೇ ಹಿಂದಿರುಗಿದರೆ, ಕೆಲವು ಸೇಂಟ್ ಲಾರೆನ್ಸ್ ನದಿಯನ್ನು ಹೊಕ್ಕು ಕ್ವಿಬೆಕ್ ನಗರದವರೆಗೆ ಹೋಗುತ್ತವೆ. ಮೇಪಲ್ ಮರಗಳ ಎಲೆಗಳು ಕೆಂಪಾಗುವ ಕಾಲವದು. ಆ ಬಣ್ಣ ನೋಡಲೆಂದೇ ಜನ ವರ್ಷ ಮೊದಲೇ ಟಿಕೆಟ್ ಕಾಯ್ದಿರಿಸುತ್ತಾರೆ.

ಈ ಪ್ರಯಾಣಿಕರ ನಡುವೆ ಈಗ ಕನ್ನಡದ ಮಾತೂ ಕೇಳಿಬರುತ್ತದೆ. ನ್ಯೂಜೆರ್ಸಿಯಲ್ಲೋ ಬಾಸ್ಟನ್ನಿನಲ್ಲೋ ಇರುವ ಮಗ ಅಥವಾ ಮಗಳ ಮನೆಗೆ ಬಂದ ತಂದೆತಾಯಂದಿರನ್ನು ಮಕ್ಕಳು ಹೀಗೊಂದು ವಾರ ಹಡಗಿಗೆ ಹತ್ತಿಸುವುದುಂಟು. ವಯಸ್ಸು ಅರವತ್ತೈದು ದಾಟಿರುತ್ತದೆ. ಮಂಡಿನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ಎಲ್ಲವೂ ಜೊತೆಗಿರುತ್ತವೆ. ಮತ್ತೊಮ್ಮೆ ಇಷ್ಟು ದೂರ ಬರುವುದು ಆದೀತೋ ಇಲ್ಲವೋ. ಆದ್ದರಿಂದಲೇ ಹಡಗು ದಡ ಮುಟ್ಟಿದ ದಿನ ಏನು ನೋಡಬೇಕು, ಏನು ಬಿಡಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಹಡಗಿನೊಳಗೆ ಊಟ, ನಿದ್ದೆ, ಮನರಂಜನೆ ಎಲ್ಲವನ್ನೂ ಕಂಪನಿಯೇ ನೋಡಿಕೊಳ್ಳುತ್ತದೆ. ಆದರೆ ಏಣಿ ಇಳಿದು ದಡದ ಮೇಲೆ ಕಾಲಿಟ್ಟ ಕೂಡಲೇ ಪ್ರಯಾಣಿಕ ತನ್ನ ಲೆಕ್ಕ ತಾನೇ ಮಾಡಿಕೊಳ್ಳಬೇಕು. ಈ ಲೆಕ್ಕ ಕೂಡುವುದಲ್ಲ, ಕಳೆಯುವುದು.

1886ರ ಕಾನೂನು

ಮೊದಲು ಕಾಗದಪತ್ರದ ಮಾತು. ನ್ಯೂಯಾರ್ಕಿನಿಂದ ಹೊರಟು ನ್ಯೂಯಾರ್ಕಿಗೇ ಹಿಂದಿರುಗುವ ಹಡಗು ನಡುವೆ ಕೆನಡಾಕ್ಕೆ ಏಕೆ ಹೋಗಬೇಕು? ಅಲ್ಲಿನ ಸೊಬಗು ಒಂದು ಕಾರಣ. ಇನ್ನೊಂದು ಕಾರಣ ಅಮೆರಿಕ 1886ರಲ್ಲಿ ಮಾಡಿದ ಒಂದು ಕಾನೂನು. ಅದರ ಪ್ರಕಾರ ವಿದೇಶದಲ್ಲಿ ನೋಂದಾಯಿಸಿದ ಹಡಗು ಅಮೆರಿಕದ ಬಂದರುಗಳ ನಡುವೆಯಷ್ಟೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ದಾರಿಯಲ್ಲಿ ಒಂದಾದರೂ ವಿದೇಶಿ ಬಂದರನ್ನು ಮುಟ್ಟಬೇಕು. ದೊಡ್ಡ ವಿಹಾರ ನೌಕೆಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾಗಳಲ್ಲಿ ನೋಂದಣಿಯಾದವು. ಹೀಗಾಗಿ ಹ್ಯಾಲಿಫ್ಯಾಕ್ಸೋ ಸೇಂಟ್ ಜಾನೋ ಪಟ್ಟಿಯಲ್ಲಿ ಇರಲೇಬೇಕು.

ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಈ ಹಳೆಯ ಕಾನೂನಿನ ಬಿಸಿ ತಟ್ಟುವುದು ಇಲ್ಲಿಯೇ. ಅಮೆರಿಕದ ಪ್ರವಾಸಿ ವೀಸಾ ಇದ್ದ ಮಾತ್ರಕ್ಕೆ ಕೆನಡಾ ಪ್ರವೇಶ ದೊರೆಯದು. ಒಂದೇ ದಿನ ಇಳಿಯುವುದಾದರೂ ಕೆನಡಾದ ವೀಸಾ ಬೇರೆಯಾಗಿ ಬೇಕು. ‘ನಾವು ಇಳಿಯುವುದೇ ಇಲ್ಲ, ಹಡಗಿನಲ್ಲೇ ಕೂತಿರುತ್ತೇವೆ’ ಎಂದರೂ ಕಾಗದ ಇಲ್ಲದವರನ್ನು ಹೊರಡುವ ಬಂದರಿನಲ್ಲೇ ಹಿಂದಕ್ಕೆ ಕಳಿಸಬಹುದು. ಜೊತೆಗೆ ಅಮೆರಿಕದ ವೀಸಾ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶ ಕೊಡುವಂಥದ್ದಾಗಿರಬೇಕು. ಕೆನಡಾದಿಂದ ಮರಳುವಾಗ ಮತ್ತೆ ಅಮೆರಿಕದ ಗಡಿ ದಾಟಬೇಕಲ್ಲ! ಟಿಕೆಟ್ ಕೊಳ್ಳುವ ಮುನ್ನ ವೀಸಾ ಎಂಬುದು ಇಲ್ಲಿನ ಮೊದಲ ಪಾಠ.

ಒಂಬತ್ತು ಗಂಟೆ ಎಂದರೆ ಎಷ್ಟು?

ಹಡಗಿನವರು ಕೊಡುವ ಕಾರ್ಯಕ್ರಮ ಪಟ್ಟಿಯಲ್ಲಿ ‘ಹ್ಯಾಲಿಫ್ಯಾಕ್ಸ್, ಬೆಳಿಗ್ಗೆ 8ರಿಂದ ಸಂಜೆ 5’ ಎಂದು ಅಚ್ಚಾಗಿರುತ್ತದೆ ಎನ್ನೋಣ. ಒಂಬತ್ತು ಗಂಟೆ ಸಿಕ್ಕಿತೆಂದು ಪ್ರಯಾಣಿಕ ಹಿಗ್ಗುತ್ತಾನೆ. ಆದರೆ ಐದು ಗಂಟೆ ಎಂಬುದು ಹಡಗು ಹಗ್ಗ ಬಿಚ್ಚುವ ಹೊತ್ತು. ಎಲ್ಲರೂ ಹಡಗಿನೊಳಗೆ ಇರಬೇಕಾದ ಸಮಯ ಸಾಮಾನ್ಯವಾಗಿ ಅದಕ್ಕೆ ಅರ್ಧ ಗಂಟೆ ಮೊದಲು. ಎರಡು, ಮೂರು ಸಾವಿರ ಜನರ ಸಾಲಿನಲ್ಲಿ ನಿಂತು ಕೆಳಗಿಳಿಯಲು ಮುಕ್ಕಾಲು ಗಂಟೆ ಹಿಡಿಯಬಹುದು. ದಾರಿಯಲ್ಲಿ ವಾಹನ ಕೆಟ್ಟರೆ, ರಸ್ತೆ ಕಟ್ಟಿದರೆ ಎಂದು ಒಂದು ಗಂಟೆಯನ್ನು ಕೈಯಲ್ಲಿ ಉಳಿಸಿಕೊಳ್ಳಬೇಕು. ಊಟ, ಶೌಚ, ಸ್ವಲ್ಪ ಕೂತು ಸುಧಾರಿಸಿಕೊಳ್ಳುವುದು ಎಂದು ಇನ್ನೊಂದು ಗಂಟೆ. ಇಷ್ಟನ್ನೂ ಕಳೆದರೆ ಒಂಬತ್ತು ಗಂಟೆ ಐದೂ ಮುಕ್ಕಾಲಾಗಿರುತ್ತದೆ.

ಹ್ಯಾಲಿಫ್ಯಾಕ್ಸ್‌ನಿಂದ ಸುಮಾರು 43 ಕಿ.ಮೀ. ದೂರದಲ್ಲಿ ಪೆಗ್ಗೀಸ್ ಕೋವ್ ಎಂಬ ಮೀನುಗಾರರ ಹಳ್ಳಿಯಿದೆ. ಅಲ್ಲಿನ ಬಂಡೆಗಳ ಮೇಲೆ ನಿಂತ ಬಿಳಿಯ ದೀಪಸ್ತಂಭದ ಚಿತ್ರವನ್ನು ಕ್ಯಾಲೆಂಡರುಗಳಲ್ಲಿ ನೋಡದವರು ಕಡಿಮೆ. ಹೋಗಿಬರಲು ಒಂದೂವರೆ ಗಂಟೆ, ಅಲ್ಲಿ ಒಂದೂವರೆ ಗಂಟೆ. ಉಳಿಯುವುದು ಎರಡೂ ಮುಕ್ಕಾಲು ಗಂಟೆ. ಅದರಲ್ಲಿ ಮ್ಯೂಸಿಯಂ, ಕೋಟೆ, ಸ್ಮಶಾನ, ಉದ್ಯಾನ, ಅಂಗಡಿ ಬೀದಿ ಎಲ್ಲವನ್ನೂ ತುರುಕಿದರೆ ಯಾವುದೂ ಮನಸ್ಸಿನಲ್ಲಿ ನಿಲ್ಲದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಹಿರಿಯರು ದುಡ್ಡಿನ ವಿಷಯಕ್ಕೆ ಹೇಳಿದರು. ಹೊತ್ತಿನ ವಿಷಯಕ್ಕೂ ಅದು ಸಲ್ಲುತ್ತದೆ.

ಇನ್ನೊಂದು ತೊಡಕು ಗಡಿಯಾರದ್ದು. ಸೇಂಟ್ ಜಾನ್, ಹ್ಯಾಲಿಫ್ಯಾಕ್ಸ್, ಸಿಡ್ನಿ, ಷಾರ್ಲಟ್‌ಟೌನ್‌ಗಳಲ್ಲಿ ಬಳಕೆಯಲ್ಲಿರುವುದು ಅಟ್ಲಾಂಟಿಕ್ ವೇಳೆ. ಅದು ನ್ಯೂಯಾರ್ಕಿನ ವೇಳೆಗಿಂತ ಒಂದು ಗಂಟೆ ಮುಂದು. ಕ್ವಿಬೆಕ್ ತಲುಪಿದರೆ ಮತ್ತೆ ನ್ಯೂಯಾರ್ಕಿನ ವೇಳೆಯೇ. ಕೆಲವು ಹಡಗುಗಳು ಊರಿನ ವೇಳೆಗೆ ತಕ್ಕಂತೆ ತಮ್ಮ ಗಡಿಯಾರ ತಿರುಗಿಸಿಕೊಳ್ಳುತ್ತವೆ, ಕೆಲವು ಹೊರಟ ಊರಿನ ವೇಳೆಯನ್ನೇ ಉಳಿಸಿಕೊಳ್ಳುತ್ತವೆ. ಜೇಬಿನ ಮೊಬೈಲ್ ಮಾತ್ರ ಯಾರನ್ನೂ ಕೇಳದೆ ತಾನಾಗಿ ವೇಳೆ ಬದಲಿಸಿಕೊಳ್ಳುತ್ತದೆ. ಆಗ ಅಚ್ಚಾದ ಪಟ್ಟಿ ಯಾವ ಗಡಿಯಾರದ್ದು, ಜೇಬಿನ ಮೊಬೈಲ್ ಯಾವ ಗಡಿಯಾರದ್ದು ಎಂಬ ಗೊಂದಲ ಹುಟ್ಟಿ ಒಂದು ಗಂಟೆ ಆಚೀಚೆಯಾಗುವುದು ಸುಲಭ. ಕೈಗೊಂದು ಹಳೆಯ ಕಾಲದ ವಾಚು ಕಟ್ಟಿಕೊಂಡು, ಅದನ್ನು ಹಡಗಿನ ವೇಳೆಗೆ ಇಟ್ಟುಕೊಂಡರೆ ಈ ಪೀಕಲಾಟ ಇರದು.

ಎಲೆಯ ಪಂಚಾಂಗ

ಬಣ್ಣ ನೋಡಲು ಹೋದವರು ಅದು ಹೇಗೆ ಹುಟ್ಟುತ್ತದೆಂದು ತಿಳಿದಿದ್ದರೆ ನೋಟದ ರುಚಿ ಹೆಚ್ಚುತ್ತದೆ. ಎಲೆಯ ಹಸಿರಿಗೆ ಕಾರಣ ಪತ್ರಹರಿತ್ತು. ಹಗಲು ಕಿರಿದಾಗಿ ಚಳಿ ಹೆಚ್ಚಿದಂತೆ ಮರ ಹೊಸ ಪತ್ರಹರಿತ್ತನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ; ಇದ್ದದ್ದು ಒಡೆದುಹೋಗುತ್ತದೆ. ಆಗ ಅದುವರೆಗೆ ಹಸಿರಿನ ಹಿಂದೆ ಅಡಗಿದ್ದ ಹಳದಿ, ಕಿತ್ತಳೆ ಬಣ್ಣದ ಕೆರೋಟಿನಾಯ್ಡುಗಳು ಹೊರಗೆ ಕಾಣುತ್ತವೆ. ಮೇಪಲ್ ಮರದ ಕೆಂಪು ಹಾಗಲ್ಲ. ಆ ಬಣ್ಣ ಕೊಡುವ ಆಂಥೋಸಯನಿನ್ ಮೊದಲೇ ಇದ್ದದ್ದಲ್ಲ, ಎಲೆಯಲ್ಲಿ ಉಳಿದ ಸಕ್ಕರೆಯಿಂದ ಶರತ್ಕಾಲದಲ್ಲೇ ಹೊಸದಾಗಿ ತಯಾರಾಗುವಂಥದ್ದು. ಬಿಸಿಲಿನ ಹಗಲು, ಹಿಮ ಬೀಳದಷ್ಟು ತಣ್ಣನೆಯ ರಾತ್ರಿ ಸೇರಿದರೆ ಕೆಂಪು ಚೆನ್ನಾಗಿ ಏರುತ್ತದೆ.

ಈ ಬಣ್ಣ ಉತ್ತರದಿಂದ ದಕ್ಷಿಣಕ್ಕೆ, ಒಳನಾಡಿನಿಂದ ಕರಾವಳಿಗೆ ಇಳಿದು ಬರುತ್ತದೆ. ಸಮುದ್ರದ ನೀರು ಬೇಸಿಗೆಯ ಕಾವನ್ನು ಬೇಗ ಬಿಡದ ಕಾರಣ ದಡದ ಮರಗಳು ಒಳನಾಡಿನ ಮರಗಳಿಗಿಂತ ತಡವಾಗಿ ಬಣ್ಣ ತಾಳುತ್ತವೆ. ಸಿಡ್ನಿ ಇರುವ ಕೇಪ್ ಬ್ರೆಟನ್ ದ್ವೀಪದಲ್ಲಿ ಅಕ್ಟೋಬರ್ ಎರಡನೆಯ ವಾರದ ಆಸುಪಾಸು, ಬಾರ್ ಹಾರ್ಬರ್‌ನಲ್ಲಿ ತಿಂಗಳ ಮಧ್ಯಭಾಗ, ಅದಕ್ಕೂ ದಕ್ಷಿಣದ ಕರಾವಳಿಯಲ್ಲಿ ತಿಂಗಳ ಕೊನೆ ಎಂದು ಸ್ಥೂಲವಾಗಿ ಹೇಳಬಹುದು. ಸೆಪ್ಟೆಂಬರ್ ಮೊದಲ ವಾರ ಹೋದವರಿಗೆ ಬೆಚ್ಚನೆಯ ಬಿಸಿಲು ಸಿಕ್ಕೀತು, ಬಣ್ಣ ಸಿಗದು. ಎಲೆಗಳು ಹಡಗಿನ ವೇಳಾಪಟ್ಟಿ ನೋಡಿ ಬಣ್ಣ ಬದಲಿಸುವುದಿಲ್ಲವಾದ್ದರಿಂದ ವಾರವೊಂದರ ಹೆಚ್ಚುಕಡಿಮೆಗೆ ಮನಸ್ಸು ಸಿದ್ಧವಿರಬೇಕು.

ಹಗಲಿನ ಉದ್ದವೂ ಲೆಕ್ಕಕ್ಕೆ ಬರಬೇಕು. ಅಕ್ಟೋಬರ್ ನಡುವೆ ಹ್ಯಾಲಿಫ್ಯಾಕ್ಸ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಏಳೂವರೆಯ ಸುಮಾರಿಗೆ, ಮುಳುಗುವುದು ಸಂಜೆ ಆರೂವರೆಯ ಸುಮಾರಿಗೆ. ಬಣ್ಣ ನೋಡುವ ದೂರದ ಸುತ್ತಾಟವನ್ನು ಬೆಳಿಗ್ಗೆಯೇ ಮುಗಿಸಿ, ಮ್ಯೂಸಿಯಂ ಮತ್ತು ಅಂಗಡಿಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಲೇಸು.

ಉಬ್ಬರದ ಗಡಿಯಾರ

ಹವಾಮಾನವನ್ನು ವಾರ ಮೊದಲು ಹೇಳುವುದು ಕಷ್ಟ. ಎಲೆಯ ಬಣ್ಣವೂ ಅಷ್ಟೇ. ಆದರೆ ಸಮುದ್ರದ ಉಬ್ಬರ ಇಳಿತಗಳನ್ನು ವರ್ಷ ಮೊದಲೇ ನಿಮಿಷದ ಲೆಕ್ಕದಲ್ಲಿ ಹೇಳಬಹುದು. ಚಂದ್ರ ಮತ್ತು ಸೂರ್ಯರ ಚಲನೆ ಅಷ್ಟು ನಿಖರ. ಅಮೆರಿಕ ಮತ್ತು ಕೆನಡಾ ಸರ್ಕಾರಗಳ ಇಲಾಖೆಗಳು ಪ್ರತಿ ಬಂದರಿನ ಉಬ್ಬರ ಇಳಿತದ ಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸುತ್ತವೆ. ಈ ಪಟ್ಟಿಯನ್ನು ನೋಡದೆ ಅಟ್ಲಾಂಟಿಕ್ ದಡದ ಎರಡು ಊರುಗಳಲ್ಲಿ ಇಳಿಯಲೇಬಾರದು.

ಮೊದಲನೆಯದು ಮೇಯ್ನ್ ರಾಜ್ಯದ ಬಾರ್ ಹಾರ್ಬರ್. ಇಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ. ಕೊಲ್ಲಿಯಲ್ಲಿ ಲಂಗರು ಹಾಕಿ, ಟೆಂಡರ್ ಎಂಬ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುತ್ತದೆ. ಹೋಗುವಾಗಲೂ ಬರುವಾಗಲೂ ಸರದಿ ಕಾಯಬೇಕು. ಊರಿನ ಎದುರಿಗೆ ಬಾರ್ ಐಲೆಂಡ್ ಎಂಬ ಪುಟ್ಟ ದ್ವೀಪವಿದೆ. ನೀರು ಇಳಿದಾಗ ಊರಿಗೂ ದ್ವೀಪಕ್ಕೂ ನಡುವೆ ಜಲ್ಲಿಕಲ್ಲಿನ ದಿಬ್ಬವೊಂದು ಮೇಲೇಳುತ್ತದೆ. ಜನ ಅದರ ಮೇಲೆ ನಡೆದು ದ್ವೀಪಕ್ಕೆ ಹೋಗುತ್ತಾರೆ. ಈ ದಾರಿ ತೆರೆದಿರುವುದು ಪೂರ್ಣ ಇಳಿತಕ್ಕೆ ಒಂದೂವರೆ ಗಂಟೆ ಮೊದಲಿನಿಂದ ಒಂದೂವರೆ ಗಂಟೆ ನಂತರದವರೆಗೆ ಮಾತ್ರ. ಆಮೇಲೆ ಸಮುದ್ರ ಅದನ್ನು ಮುಚ್ಚುತ್ತದೆ. ದಿಬ್ಬದ ಮೇಲೆ ನಿಲ್ಲಿಸಿ ಹೋದ ಕಾರುಗಳು ನೀರಿನಲ್ಲಿ ಮುಳುಗಿದ ಪ್ರಸಂಗಗಳು ಇಲ್ಲಿ ನಡೆದಿವೆ. ದ್ವೀಪದಲ್ಲಿ ಸಿಕ್ಕಿಬಿದ್ದವರು ಮುಂದಿನ ಇಳಿತಕ್ಕೆ ಕಾಯಬೇಕು. ಒಂದು ಇಳಿತದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಷ್ಟರಲ್ಲಿ ಹಡಗು ದಿಗಂತ ದಾಟಿರುತ್ತದೆ.

ಇಳಿತ ಬೆಳಿಗ್ಗೆ ಹತ್ತಕ್ಕೆ ಇದ್ದರೆ ದ್ವೀಪ ಮೊದಲು, ಅಕೇಡಿಯಾ ರಾಷ್ಟ್ರೀಯ ಉದ್ಯಾನ ಆಮೇಲೆ. ಇಳಿತ ಮಧ್ಯಾಹ್ನ ಎರಡಕ್ಕಿದ್ದರೆ ಕ್ರಮ ತಿರುಗುಮುರುಗು. ಉದ್ಯಾನದೊಳಗಿನ ಕ್ಯಾಡಿಲ್ಯಾಕ್ ಬೆಟ್ಟದ ಎತ್ತರ 466 ಮೀಟರ್. ಮಲೆನಾಡಿನವರ ಕಣ್ಣಿಗೆ ಅದು ಗುಡ್ಡವಷ್ಟೇ. ಆದರೆ ಸಮುದ್ರ, ದ್ವೀಪಗಳು, ಬಣ್ಣದ ಕಾಡು ಮೂರೂ ಒಂದೇ ನೋಟಕ್ಕೆ ಸಿಗುವ ಜಾಗ ಅದು. ಖಾಸಗಿ ವಾಹನದಲ್ಲಿ ತುದಿಯವರೆಗೆ ಹೋಗುವವರು ಮೇ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಮುಂಗಡವಾಗಿ ಸಮಯ ಕಾಯ್ದಿರಿಸಬೇಕೆಂಬ ನಿಯಮ 2021ರಿಂದ ಜಾರಿಗೆ ಬಂದಿದೆ.

ಎರಡನೆಯ ಊರು ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಸೇಂಟ್ ಜಾನ್. ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ಬೇರೆ, ಇದು ಬೇರೆ. ಈ ಊರು ಫಂಡಿ ಕೊಲ್ಲಿಯ ದಡದಲ್ಲಿದೆ. ಜಗತ್ತಿನ ಅತಿ ಎತ್ತರದ ಉಬ್ಬರ ಏಳುವುದು ಈ ಕೊಲ್ಲಿಯಲ್ಲಿಯೇ. ಅದರ ತುದಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ 16 ಮೀಟರುಗಳಷ್ಟು ಅಂತರವಿರುತ್ತದೆ. ಸೇಂಟ್ ಜಾನ್‌ನಲ್ಲಿ ಎಂಟು ಮೀಟರ್ ದಾಟುವುದುಂಟು. ಕರ್ನಾಟಕದ ಕರಾವಳಿಯಲ್ಲಿ ಈ ಅಂತರ ಒಂದೆರಡು ಮೀಟರುಗಳದ್ದು. ಹಾಗಿದ್ದರೆ ಇಲ್ಲಿ ಮಾತ್ರ ಇಷ್ಟೇಕೆ? ಸ್ನಾನದ ತೊಟ್ಟಿಯಲ್ಲಿ ನೀರನ್ನು ಒಮ್ಮೆ ತಳ್ಳಿದರೆ ಅದು ಆಚೆ ತುದಿಗೆ ಹೋಗಿ ಮರಳಿ ಬರಲು ಇಂತಿಷ್ಟು ಹೊತ್ತು ಬೇಕು. ಆ ಹೊತ್ತಿಗೆ ಸರಿಯಾಗಿ ಮತ್ತೆ ಮತ್ತೆ ತಳ್ಳಿದರೆ ನೀರು ಅಂಚು ದಾಟಿ ಚೆಲ್ಲುತ್ತದೆ. ಜೋಕಾಲಿಯ ತತ್ವವೂ ಇದೇ. ಫಂಡಿ ಕೊಲ್ಲಿಯ ನೀರು ಹೀಗೆ ತೂಗಲು ಬೇಕಾದ ಕಾಲ ಸುಮಾರು 13 ಗಂಟೆ. ಚಂದ್ರ ನೀಡುವ ತಳ್ಳು ಹನ್ನೆರಡೂವರೆ ಗಂಟೆಗೊಮ್ಮೆ. ಎರಡೂ ಹತ್ತಿರ ಹತ್ತಿರ ಬರುವುದರಿಂದ ನೀರು ಅಷ್ಟೆತ್ತರ ಏಳುತ್ತದೆ.

ಬಂದರಿನಿಂದ ಕೆಲವೇ ಕಿ.ಮೀ. ದೂರದಲ್ಲಿ ಸೇಂಟ್ ಜಾನ್ ನದಿ ಇಕ್ಕಟ್ಟಾದ ಕಲ್ಲಿನ ಕಣಿವೆಯ ಮೂಲಕ ಸಮುದ್ರ ಸೇರುತ್ತದೆ. ಇಳಿತದಲ್ಲಿ ನದಿ ಭೋರ್ಗರೆದು ಸಮುದ್ರಕ್ಕೆ ಧುಮುಕುತ್ತದೆ. ಉಬ್ಬರ ಏರಿದಾಗ ಸಮುದ್ರವೇ ನದಿಗಿಂತ ಎತ್ತರವಾಗಿ, ನೀರು ಹಿಂದಕ್ಕೆ, ಮೇಲ್ಮುಖವಾಗಿ ನುಗ್ಗುತ್ತದೆ. ನದಿ ತಿರುಗಿ ಹರಿಯುವ ಈ ನೋಟಕ್ಕಾಗಿಯೇ ಸೇಂಟ್ ಜಾನ್ ಪ್ರಸಿದ್ಧ. ಆದರೆ ಒಂದು ದಿಕ್ಕಿನಿಂದ ಇನ್ನೊಂದಕ್ಕೆ ತಿರುಗುವ ನಡುವೆ ಸುಮಾರು ಇಪ್ಪತ್ತು ನಿಮಿಷ ನೀರು ಕೆರೆಯಂತೆ ತಣ್ಣಗೆ ನಿಲ್ಲುತ್ತದೆ. ಪಟ್ಟಿ ನೋಡದೆ ಆ ಹೊತ್ತಿಗೆ ಬಂದವರು, ‘ಇದನ್ನು ನೋಡಲು ಇಷ್ಟು ದೂರ ಬಂದೆವೇ’ ಎಂದು ಗೊಣಗುತ್ತ ಮರಳುತ್ತಾರೆ. ಇಳಿತದ ಹೊತ್ತಿಗೊಮ್ಮೆ, ಆರು ಗಂಟೆ ಬಿಟ್ಟು ಉಬ್ಬರದ ಹೊತ್ತಿಗೊಮ್ಮೆ ಹೋದರೆ ಪೂರ್ತಿ ಆಟ ನೋಡಿದಂತೆ. ನಡುವಿನ ಹೊತ್ತನ್ನು ಊರಿನ ಹಳೆಯ ಮಾರುಕಟ್ಟೆಯಲ್ಲಿ ಕಳೆಯಬಹುದು. ಒಂದೇ ಸಾರಿ ಸಾಧ್ಯವಾದರೂ ತೊಂದರೆಯಿಲ್ಲ, ಹೊತ್ತು ಮಾತ್ರ ಸರಿಯಾಗಿರಬೇಕು.

ಊರಿಗೊಂದು ನೋಟ

ಮಂಡಿನೋವಿನ ಹೆಂಡತಿ, ಪಟ್ಟಿ ಹಿಡಿದ ಗಂಡ ಇಬ್ಬರನ್ನು ಊಹಿಸಿಕೊಳ್ಳೋಣ. ಹ್ಯಾಲಿಫ್ಯಾಕ್ಸ್‌ಗೆಂದು ಯಜಮಾನರು ಏಳು ಜಾಗ ಬರೆದಿದ್ದಾರೆ. ‘ರೀ, ಏಳೂ ನೋಡಿದೆವು ಅಂತ ಊರಲ್ಲಿ ಹೇಳಿಕೊಳ್ಳೋದಕ್ಕೋ, ಇಲ್ಲಾ ನೋಡೋದಕ್ಕೋ?’ ಎಂದು ಆಕೆ ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ. ಏಳರಲ್ಲಿ ಒಂದನ್ನು ಆರಿಸಬೇಕಾದರೆ ಯಾವುದನ್ನು? ಆ ಊರಿನಲ್ಲಲ್ಲದೆ ಬೇರೆಲ್ಲೂ ಸಿಗದ್ದನ್ನು. ದೀಪಸ್ತಂಭಗಳು ಈ ದಡದಲ್ಲಿ ಊರಿಗೊಂದು ಇವೆ. ಅಂಗಡಿ ಬೀದಿಗಳೂ ಒಂದರಂತೆ ಇನ್ನೊಂದು.

ಹ್ಯಾಲಿಫ್ಯಾಕ್ಸ್‌ನದ್ದೇ ಆದದ್ದು ಅದರ ನೆನಪು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಶವಗಳನ್ನು ಹುಡುಕಲು ಹಡಗುಗಳು ಹೊರಟದ್ದು ಇಲ್ಲಿಂದ. 150 ಮಂದಿಯನ್ನು ಈ ಊರಿನ ಮೂರು ಸ್ಮಶಾನಗಳಲ್ಲಿ ಮಣ್ಣು ಮಾಡಲಾಯಿತು. ಅವರಲ್ಲಿ 121 ಮಂದಿ ಇರುವುದು ಫೇರ್‌ವ್ಯೂ ಲಾನ್ ಸ್ಮಶಾನದಲ್ಲಿ. ಹಲವು ಕಲ್ಲುಗಳ ಮೇಲೆ ಹೆಸರಿಲ್ಲ, ಸಂಖ್ಯೆ ಮತ್ತು ತಾರೀಖು ಮಾತ್ರ. ಗುರುತು ಸಿಗದ ಒಂದು ಮಗುವಿನ ಸಮಾಧಿಯೂ ಅಲ್ಲಿದೆ. 2002ರಲ್ಲಿ ಡಿಎನ್‌ಎ ಪರೀಕ್ಷೆ ಅದಕ್ಕೊಂದು ಹೆಸರು ಕೊಟ್ಟಿತು. ಇನ್ನೂ ಸೂಕ್ಷ್ಮವಾದ ಪರೀಕ್ಷೆ 2007ರಲ್ಲಿ ಆ ಹೆಸರನ್ನು ತಿದ್ದಿ, ಅದು 19 ತಿಂಗಳ ಸಿಡ್ನಿ ಗುಡ್ವಿನ್ ಎಂದು ತೋರಿಸಿತು. ತೊಂಬತ್ತೈದು ವರ್ಷಗಳ ನಂತರ ಮಗುವಿಗೆ ತನ್ನ ಹೆಸರು ಸಿಕ್ಕಿತು.

ಅದೇ ಊರಿನ ಬಂದರಿನಲ್ಲಿ 1917ರ ಡಿಸೆಂಬರ್ 6ರಂದು ಮದ್ದುಗುಂಡು ತುಂಬಿದ ಫ್ರೆಂಚ್ ಹಡಗು ಮೋಂಟ್ ಬ್ಲಾಂಕ್, ನಾರ್ವೆಯ ಇಮೋ ಹಡಗಿಗೆ ಡಿಕ್ಕಿ ಹೊಡೆದು ಸಿಡಿಯಿತು. ಸುಮಾರು 2,000 ಜನ ಸತ್ತರು, 9,000 ಜನ ಗಾಯಗೊಂಡರು. ವಿನ್ಸೆಂಟ್ ಕೋಲ್ಮನ್ ಎಂಬ ರೈಲ್ವೆ ನೌಕರ ಓಡಿಹೋಗದೆ, ಬರುತ್ತಿದ್ದ ರೈಲನ್ನು ತಡೆಯಲು ತಂತಿ ಸಂದೇಶ ಕಳಿಸುತ್ತ ಕೂತು ಪ್ರಾಣ ಬಿಟ್ಟ. ಬಾಸ್ಟನ್ ನಗರ ವೈದ್ಯರನ್ನೂ ಸಾಮಗ್ರಿಯನ್ನೂ ರೈಲಿನಲ್ಲಿ ತುಂಬಿ ಕಳಿಸಿತು. ಆ ಉಪಕಾರ ನೆನೆದು ನೋವಾ ಸ್ಕೋಷಿಯಾ ಪ್ರಾಂತ್ಯ 1971ರಿಂದ ಪ್ರತಿ ವರ್ಷ ಬಾಸ್ಟನ್ನಿಗೆ ಒಂದು ಕ್ರಿಸ್‌ಮಸ್ ಮರ ಕಳಿಸುತ್ತಿದೆ. ಬಾಸ್ಟನ್ನಿನಲ್ಲಿ ಹಡಗು ಹತ್ತಿ ಹ್ಯಾಲಿಫ್ಯಾಕ್ಸ್‌ನಲ್ಲಿ ಇಳಿಯುವವರಿಗೆ ಇದು ತಿಳಿದಿದ್ದರೆ ಎರಡು ಊರುಗಳು ಒಂದೇ ಕತೆಯ ಎರಡು ತುದಿಗಳಾಗಿ ಕಾಣುತ್ತವೆ. ನಡೆಯಲಾರದವರಿಗೆ ಪಿಯರ್ 21 ಸಾಕು. ವಿಹಾರ ನೌಕೆಗಳು ನಿಲ್ಲುವ ಕಟ್ಟೆಗೆ ಅಂಟಿಕೊಂಡಂತೆಯೇ ಇರುವ ಈ ಕಟ್ಟಡದ ಮೂಲಕ 1928ರಿಂದ 1971ರವರೆಗೆ ಹತ್ತು ಲಕ್ಷದ ಹತ್ತಿರ ಹತ್ತಿರ ವಲಸಿಗರು ಕೆನಡಾ ಹೊಕ್ಕರು. ಈಗ ಅದು ವಲಸೆಯ ಮ್ಯೂಸಿಯಂ. ಮಗನನ್ನೋ ಮಗಳನ್ನೋ ದೂರದ ನೆಲಕ್ಕೆ ಕಳಿಸಿಕೊಟ್ಟವರು ಅಲ್ಲಿ ಬೇಗ ಎದ್ದು ಬರಲಾರರು.

ಸಿಡ್ನಿಯಲ್ಲಿ ಇಳಿದವರಿಗೆ ಕ್ಯಾಬಟ್ ಟ್ರೇಲ್ ಎಂಬ ಹೆಸರಾಂತ ರಸ್ತೆಯ ಆಸೆ ಹುಟ್ಟುತ್ತದೆ. ಬೆಟ್ಟ, ಕಡಲು, ಬಣ್ಣದ ಕಾಡುಗಳ ನಡುವೆ ಸುತ್ತುವ ಅದರ ಉದ್ದ ಸುಮಾರು 300 ಕಿ.ಮೀ. ಹಡಗಿನ ಒಂದು ದಿನದಲ್ಲಿ ಪೂರ್ತಿ ಸುತ್ತುವ ಮಾತೇ ಇಲ್ಲ. ಒಂದು ಗಂಟೆಯ ದಾರಿಯಲ್ಲಿರುವ ಬ್ಯಾಡೆಕ್ ಹಳ್ಳಿ ವಾಸಿ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ನೆಲೆಸಿ, 1922ರಲ್ಲಿ ಕಣ್ಣು ಮುಚ್ಚಿದ್ದು ಅಲ್ಲಿಯೇ. 1909ರಲ್ಲಿ ಕೆನಡಾದ ಮೊದಲ ವಿಮಾನ ಮೇಲೆದ್ದದ್ದು ಅಲ್ಲಿನ ಸರೋವರದ ಹೆಪ್ಪುಗಟ್ಟಿದ ನೀರಿನ ಮೇಲಿಂದ. ನೀರಿನಿಂದ ಮೇಲೆದ್ದು ಓಡುತ್ತಿದ್ದ, 1919ರಲ್ಲಿ ಗಂಟೆಗೆ 114 ಕಿ.ಮೀ. ವೇಗ ಮುಟ್ಟಿ ದಾಖಲೆ ಮಾಡಿದ ಬೆಲ್‌ನ ದೋಣಿಯ ಒಡಲನ್ನು ಅಲ್ಲಿನ ಮ್ಯೂಸಿಯಂನಲ್ಲಿ ನೋಡಬಹುದು.

ಷಾರ್ಲಟ್‌ಟೌನ್ ಇರುವ ಪ್ರಿನ್ಸ್ ಎಡ್ವರ್ಡ್ ದ್ವೀಪದ ಮಣ್ಣು ಕೆಂಪು. ಕಬ್ಬಿಣದ ಆಕ್ಸೈಡ್ ಅದಕ್ಕೆ ಕಾರಣ. ಉಡುಪಿ, ಶಿವಮೊಗ್ಗಗಳ ಕಡೆಯ ಜಂಬಿಟ್ಟಿಗೆಯ ಕೆಂಪಿಗೂ ಅದೇ ಕಾರಣ. ಆಲೂಗೆಡ್ಡೆ ಹೊಲಗಳ ಆ ಕೆಂಪು ಕಂಡು ಕರಾವಳಿಯವರಿಗೆ ಊರು ನೆನಪಾದರೆ ಸೋಜಿಗವಿಲ್ಲ.

ಇನ್ನು ಕ್ವಿಬೆಕ್. ಕೋಟೆಗೋಡೆ ಇಂದಿಗೂ ಉಳಿದಿರುವ ಈ ಹಳೆಯ ನಗರವನ್ನು ಯುನೆಸ್ಕೊ 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೇಳಿಬರುವ ಭಾಷೆ ಫ್ರೆಂಚ್. ಹಡಗು ನಿಲ್ಲುವುದು ಕೆಳಪೇಟೆಯಲ್ಲಿ, ಕೋಟೆ ಇರುವುದು ಮೇಲ್ಪೇಟೆಯಲ್ಲಿ. ನಡುವಿನ ಕಡಿದಾದ ಮೆಟ್ಟಿಲುಗಳನ್ನು ಹತ್ತಲಾಗದವರಿಗೆ 1879ರಲ್ಲಿ ಶುರುವಾದ ಹಗ್ಗದ ಗಾಡಿ ಇದೆ. ಊರಾಚೆ ಹನ್ನೆರಡು ಕಿ.ಮೀ. ದೂರದಲ್ಲಿ ಮಾಂಟ್‌ಮೊರೆನ್ಸಿ ಜಲಪಾತವಿದೆ; ನಯಾಗರಾಕ್ಕಿಂತ 30 ಮೀಟರ್ ಎತ್ತರವೆಂದು ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಅದರ ಎತ್ತರ 83 ಮೀಟರ್. ಮಳೆಗಾಲದಲ್ಲಿ 253 ಮೀಟರ್ ಧುಮುಕುವ ಜೋಗವನ್ನು ಕಂಡವರು ಇದನ್ನು ಬಿಟ್ಟು ಕೋಟೆಯ ಮೇಲೆ ನಡೆದರೆ ನಷ್ಟವೇನೂ ಇಲ್ಲ.

ತಪ್ಪಿದರೆ ಏನು?

ಗಡುವು ಮೀರಿದ ಒಬ್ಬಿಬ್ಬರಿಗಾಗಿ ಹಡಗು ನಿಲ್ಲುವುದಿಲ್ಲ. ಹಡಗಿನ ಕಂಪನಿಯೇ ಏರ್ಪಡಿಸುವ ಸುತ್ತಾಟಕ್ಕೆ ಹೋದವರು ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ, ಅಥವಾ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಹೊರುತ್ತಾರೆ. ಆ ಭರವಸೆಗೆ ಬೆಲೆ ಹೆಚ್ಚು. ಸ್ವಂತ ಟ್ಯಾಕ್ಸಿಯಲ್ಲಿ ಹೋದವರಿಗೆ ಖರ್ಚು ಕಡಿಮೆ, ಹೊಣೆ ಪೂರ್ತಿ ಅವರದೇ. ಆದ್ದರಿಂದ ದೂರದ ಜಾಗಗಳಿಗೆ ಹಡಗಿನವರ ಬಸ್ಸು, ನಡೆದು ಮುಟ್ಟುವಷ್ಟು ಹತ್ತಿರವಿದ್ದರೆ ಸ್ವಂತ ಏರ್ಪಾಡು ಎಂದು ಇಟ್ಟುಕೊಳ್ಳುವುದು ಜಾಣತನ. ಪಾಸ್‌ಪೋರ್ಟು, ಆ ದಿನದ ಮತ್ತು ಮರುದಿನದ ಮಾತ್ರೆಗಳು, ಬಂದರಿನಲ್ಲಿ ಹಡಗಿನ ಪ್ರತಿನಿಧಿಯ ದೂರವಾಣಿ ಸಂಖ್ಯೆ ಈ ಮೂರು ಕೈಚೀಲದಲ್ಲಿರಲಿ. ಹಡಗಿನ ಊಟದ ಮನೆಯಿಂದ ಸೇಬು, ಬಾಳೆಹಣ್ಣು ಎತ್ತಿಕೊಂಡು ದಡಕ್ಕೆ ಇಳಿಯುವುದು ಎರಡೂ ದೇಶಗಳಲ್ಲಿ ಫಜೀತಿಗೆ ಕಾರಣ. ಪ್ಯಾಕೆಟ್ ಬಿಸ್ಕತ್ತು ಸಾಕು.

ಕೆಲವೊಮ್ಮೆ ಪ್ರಯಾಣಿಕನ ತಪ್ಪೇ ಇಲ್ಲದೆ ಬಂದರು ಕೈತಪ್ಪುತ್ತದೆ. ಅಟ್ಲಾಂಟಿಕ್ಕಿನ ಚಂಡಮಾರುತಗಳ ಕಾಲ ನವೆಂಬರ್ ಕೊನೆಯವರೆಗೂ ಇರುತ್ತದೆ. 2022ರ ಸೆಪ್ಟೆಂಬರ್ 24ರಂದು ಫಿಯೋನಾ ಬಿರುಗಾಳಿ ನೋವಾ ಸ್ಕೋಷಿಯಾಕ್ಕೆ ಅಪ್ಪಳಿಸಿದ್ದು ಇಂಥ ಪ್ರವಾಸದ ಋತುವಿನಲ್ಲಿಯೇ. ಅಲೆ ಹೆಚ್ಚಾದರೆ ಟೆಂಡರ್ ದೋಣಿಗಳು ಇಳಿಯುವುದಿಲ್ಲ. ದಾರಿ ಬದಲಿಸುವ ಅಧಿಕಾರ ಕಪ್ತಾನನದು. ಬಾರ್ ಹಾರ್ಬರ್ ವಿಷಯದಲ್ಲಿ ಇನ್ನೊಂದು ಮಾತಿದೆ. ಕೆಲವೇ ಸಾವಿರ ಜನ ವಾಸಿಸುವ ಆ ಪುಟ್ಟ ಊರಿಗೆ ಒಂದೇ ದಿನ ಹಲವು ಸಾವಿರ ಜನ ಇಳಿಯತೊಡಗಿದಾಗ ಊರಿನವರು ಬೇಸತ್ತರು. ದಿನಕ್ಕೆ 1,000 ಹಡಗಿನ ಪ್ರಯಾಣಿಕರಿಗಷ್ಟೇ ಅವಕಾಶವೆಂದು 2022ರ ನವೆಂಬರ್‌ನಲ್ಲಿ ಮತ ಹಾಕಿ ನಿಯಮ ಮಾಡಿದರು. ಅದರ ವಿರುದ್ಧ ಕೆಲವರು ನ್ಯಾಯಾಲಯಕ್ಕೆ ಹೋದರು. ಹಡಗಿನ ಪಟ್ಟಿಯಲ್ಲಿ ಆ ಊರಿನ ಹೆಸರಿದೆಯೇ ಎಂದು ಟಿಕೆಟ್ ಕೊಳ್ಳುವಾಗಲೇ ಕೇಳಿ ತಿಳಿಯಬೇಕು. ಪ್ರವಾಸಿಗೆ ಅದು ಒಂದು ದಿನದ ನೋಟ, ಅಲ್ಲಿನವರಿಗೆ ಅದು ಮನೆಯಂಗಳ.

ಇಷ್ಟೆಲ್ಲ ಲೆಕ್ಕಕ್ಕೆ ಬೇಕಾದದ್ದು ಅರ್ಧ ಹಾಳೆ ಕಾಗದ. ಪ್ರತಿ ಊರಿನ ಹೆಸರಿನ ಕೆಳಗೆ ಮೂರು ಸಾಲು: ನೋಡಲೇಬೇಕಾದ ಒಂದು ಜಾಗ, ಆ ದಿನದ ಉಬ್ಬರ ಇಳಿತದ ಹೊತ್ತು, ಹಡಗಿನ ವೇಳೆಯಲ್ಲಿ ಮರಳಿ ಬರಬೇಕಾದ ಗಂಟೆ. ನಾಲ್ಕನೆಯ ಸಾಲು ಖಾಲಿ ಇರಲಿ. ಒಂದು ಕೆಂಪು ಮೇಪಲ್ ಮರದ ಕೆಳಗೆ ಬೆಂಚು ಕಂಡರೆ ಮಂಡಿ ನೀಡಿಕೊಂಡು ಅರ್ಧ ಗಂಟೆ ಸುಮ್ಮನೆ ಕೂರಲು ಆ ಜಾಗ ಬೇಕಾಗುತ್ತದೆ.